ಹೊನ್ನಾಳಿಯ ಕಡ್ಡಿ

ಕೈಗುಣ ಅಂದರೆ ಶಿವಲೀಲಾಳದು ಎಂದು ನಲ್ಲೂರಿನ ಆ ಓಣಿಯವರೆಲ್ಲ ಹೇಳುತ್ತಿದ್ದರು. ಅವಳು ನೆಟ್ಟ ವೀಳ್ಯದೆಲೆ ಬಳ್ಳಿ ಅಡಿಕೆ ಮರದ ಅರ್ಧಕ್ಕೆ ಏರಿತ್ತು, ಮೆಣಸಿನ ಬಳ್ಳಿ ಅದನ್ನೂ ಮೀರಿಸಿತ್ತು. ಹೊಗಳಿಕೆ ಕೇಳಿ ಕೇಳಿ ಅವಳಿಗೂ ಅದು ನಿಜ ಅನ್ನಿಸಿಬಿಟ್ಟಿತ್ತು. ಇಲ್ಲದಿದ್ದರೆ, ಪಕ್ಕದ ಮನೆಯ ನುಜಹತ್ ಪೇಂಟಿನ ಹಳೇ ಬಕೆಟ್ಟೊಂದನ್ನು ತಂದು ಜಗಲಿಯ ಮೇಲಿಟ್ಟ ದಿನ ಎರಡು ಮಾತು ಕೇಳಿ ತಿಳಿದುಕೊಳ್ಳುತ್ತಿದ್ದಳು. ಕೇಳಲಿಲ್ಲ.

ಬಕೆಟ್ಟಿನಲ್ಲಿದ್ದದ್ದು ಸೊಂಟದೆತ್ತರದ ದ್ರಾಕ್ಷಿ ಬಳ್ಳಿ. ಹೊನ್ನಾಳಿಯಲ್ಲಿದ್ದ ನುಜಹತ್‌ಳ ತವರುಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಅವಳ ಅಮ್ಮಿ ನಲವತ್ತು ವರ್ಷ ಸಾಕಿದ್ದ ಅಂಗಳದ ದ್ರಾಕ್ಷಿ ಚಪ್ಪರವೂ ಜೊತೆಗೇ ಹೋಯಿತು. ಜೆಸಿಬಿ ಬರುವ ಹಿಂದಿನ ದಿನ ನುಜಹತ್ ಐದು ಕಡ್ಡಿ ಕತ್ತರಿಸಿ ತಂದಿದ್ದಳು. ನಾಲ್ಕು ಕೊಳೆತವು, ಒಂದು ಚಿಗುರಿತು. ಅಮ್ಮಿಯೂ ಇಲ್ಲ, ಮನೆಯೂ ಇಲ್ಲ, ಉಳಿದದ್ದು ಈ ಒಂದೇ ಕಡ್ಡಿ.

ಈಗ ಜಗಳೂರಿನಲ್ಲಿ ನುಜಹತ್‌ಳ ಮಗಳಿಗೆ ಚೊಚ್ಚಲ ಹೆರಿಗೆ. ಹಾಸಿಗೆ ಬಿಟ್ಟು ಏಳಲೇಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮಗಳು ತವರಿಗೆ ಬರುವ ಬದಲು ತಾಯಿಯೇ ಮನೆಗೆ ಬೀಗ ಹಾಕಿ ಹೊರಟಿದ್ದಳು.

"ಬಾಣಂತನ ಮುಗಿಸ್ಕೊಂಡು ಬರಾಕೆ ಎರಡು ತಿಂಗಳು ಆಗ್ತೈತೆ ಶಿವಲೀಲಾ. ಇದನ್ನ ನಿನ್ನ ಕೈಗೆ ಹಾಕಿದೀನಿ. ವಾರಕ್ಕೊಂದು ಚೊಂಬು ನೀರು, ಅಷ್ಟೇ."

"ನೀವು ಸುಮ್ನೆ ಹೋಗ್ರಿ ಅಕ್ಕಾ. ಬರೋದ್ರೊಳಗೆ ಚಪ್ಪರ ಹಾಕೋ ಹಂಗೆ ಬೆಳೆದಿರ್ತೈತೆ."

ಎಳ್ಳಮಾವಾಸ್ಯೆ ಹತ್ತಿರ ಬಂತು. ಬೆಳಗಿನ ಮಂಜು ಎಂಟು ಗಂಟೆಯಾದರೂ ಕದಲದ ದಿನಗಳು. ಒಂದು ಬೆಳಗ್ಗೆ ಶಿವಲೀಲಾ ನೋಡುತ್ತಾಳೆ, ಬುಡದ ಎರಡು ಎಲೆಯ ಅಂಚು ಹಳದಿ. ಅಡಿಕೆ ಬೆಳೆಯುವವರ ಮನೆಯಲ್ಲಿ ಹಳದಿ ಅಂದರೆ ರೋಗ. ಅವಳು ಕಂಡ ಬಳ್ಳಿಗಳೆಂದರೆ ವೀಳ್ಯದೆಲೆ, ಮೆಣಸು. ಅವಕ್ಕೆ ವರ್ಷವಿಡೀ ಹಸಿರೇ. ಅವಳದೇ ಹಿತ್ತಲಿನ ನುಗ್ಗೆಮರ ಪ್ರತಿ ಚಳಿಗಾಲ ಬೋಳಾಗುತ್ತಿತ್ತು, ಅದಕ್ಕಾಗಿ ಅವಳೆಂದೂ ಕಣ್ಣೀರು ಹಾಕಿದವಳಲ್ಲ. ಆದರೆ ಹೆದರಿದವರಿಗೆ ಕಣ್ಣೆದುರಿನ ಮರವೂ ಕಾಣುವುದಿಲ್ಲ.

ದಿನಾ ನೀರು ಹಾಕಿದಳು. ಬೇವಿನ ಹಿಂಡಿ ಹಾಕಿದಳು. ಸಂಜೆಯಾದರೆ ಬಕೆಟ್ಟಿಗೆ ಕಂಬಳಿ ಸುತ್ತಿದಳು. ಅತಿಯಾದರೆ ಅಮೃತವೂ ವಿಷ ಎನ್ನುವುದನ್ನು ಓಣಿಯ ಸೊಸೆಯಂದಿರಿಗೆಲ್ಲ ಹೇಳಿಕೊಡುತ್ತಿದ್ದವಳೇ ಅವಳು. ಎಲೆಗಳು ಒಂದೊಂದಾಗಿ ಕಂದಿ ಉದುರಿದವು.

ಗಂಡ ರುದ್ರಮುನಿ ಬಗ್ಗಿ ನೋಡಿ, "ಬೇರು ಕೊಳೆತೈತೆ ಕಣೇ. ಇನ್ನು ಇದು ಏಳಾದಿಲ್ಲ," ಅಂದುಬಿಟ್ಟ.

ಜಗಳೂರಿನಿಂದ ಫೋನು ಬರುತ್ತಿತ್ತು. ಹೆಣ್ಣುಮಗು ಹುಟ್ಟಿದ ಸುದ್ದಿ ಹೇಳಿದ ಉಸಿರಿನಲ್ಲೇ ನುಜಹತ್ ಕೇಳಿದಳು.

"ನನ್ನ ಬಳ್ಳಿ ಹೆಂಗೈತೆ?"

"ಚೆನ್ನಾಗೈತೆ ಅಕ್ಕಾ."

"ಎಲೆ?"

"ಹಸಿರಾಗವೆ," ಅಂದಳು ಶಿವಲೀಲಾ, ಬರೀ ಕಡ್ಡಿಯನ್ನೇ ನೋಡುತ್ತ.

ಬಾಣಂತಿಯ ಮನೆಗೆ ಕೆಟ್ಟ ಸುದ್ದಿ ಯಾಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪ್ರತಿ ಫೋನಿಗೂ ಅದೇ ಉತ್ತರ. ಸಂಕ್ರಾಂತಿ ಕಳೆಯಿತು. ಬರುವ ಶುಕ್ರವಾರ ವಾಪಸ್ ಬರುತ್ತೇನೆ ಎಂದು ನುಜಹತ್ ಹೇಳಿದ ದಿನ ಶಿವಲೀಲಾ ಚನ್ನಗಿರಿಗೆ ಬಸ್ಸು ಹತ್ತಿದಳು. ನರ್ಸರಿಯಲ್ಲಿ ಅಷ್ಟೇ ಎತ್ತರದ ದ್ರಾಕ್ಷಿ ಸಸಿ ಸಿಕ್ಕಿತು, ಮೈತುಂಬ ಎಲೆ. ಮನೆಗೆ ತಂದು ಹಳೆಯದನ್ನು ಬೇರು ಸಮೇತ ಕಿತ್ತು, ಅದೇ ಬಕೆಟ್ಟಿಗೆ ಹೊಸದನ್ನು ನೆಟ್ಟಳು.

ಕಿತ್ತದ್ದನ್ನು ತಿಪ್ಪೆಗೆ ಎಸೆಯಲು ಹೋದವಳಿಗೆ ಕೈ ಏಳಲಿಲ್ಲ. ನಲವತ್ತು ವರ್ಷ ಒಬ್ಬ ತಾಯಿ ಸಾಕಿದ್ದರ ತುಂಡು ಅದು. ಬಚ್ಚಲ ಹಿಂದೆ, ಬಾಳೆಯ ಬುಡದಲ್ಲಿ ನೆಟ್ಟು ಮಣ್ಣೆಳೆದು, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿ ಒಳಗೆ ಬಂದಳು.

ಶುಕ್ರವಾರ ಮಧ್ಯಾಹ್ನ ನುಜಹತ್ ಬಂದಳು. ಚೀಲ ಇಳಿಸಿದವಳೇ ಜಗಲಿಯ ಬಕೆಟ್ಟಿನ ಮುಂದೆ ಕೂತಳು. ಎಲೆಗಳನ್ನು ನೋಡಿದಳು. ಮುಟ್ಟಲಿಲ್ಲ.

"ನಂದು ಎಲ್ಲೈತೆ ಶಿವಲೀಲಾ?"

ಶಿವಲೀಲಾಳ ಕಣ್ಣು ಬಚ್ಚಲ ಕಡೆಗೆ ಹೋಯಿತು.

"ಅಮ್ಮಿ ಬಳ್ಳಿ ಈ ಚಳೀಗೆ ಎಲ್ಲಾ ಎಲೆ ಉದುರಿಸಿ ನಿದ್ದೆ ಮಾಡ್ತಿತ್ತು. ಹೋಗೋ ಗಡಿಬಿಡೀಲಿ ಹೇಳಾಕೆ ಮರೆತೆ. ಎಲೆ ಉದುರ್ತಾ ಐತೆ ಅಕ್ಕಾ ಅಂತ ನೀನೇ ಹೇಳ್ತೀಯ, ಆಗ ಹೇಳಿದ್ರಾತು ಅಂತ ಕಾದೆ. ನೀನು ಪ್ರತಿ ಸಲ ಹಸಿರಾಗೈತೆ ಅಂದೆ. ಅಲ್ಲಿ ಮಗೂನ ತೊಡೆ ಮೇಲೆ ಹಾಕ್ಕೊಂಡು, ಬಳ್ಳಿಗೆ ಏನಾತೋ ಅಂತ ಹೆದರ್ತಾ ಕೂತಿದ್ದೆ."

ಶಿವಲೀಲಾ ಅಳುತ್ತಲೇ ಅವಳನ್ನು ಬಚ್ಚಲ ಹಿಂದಕ್ಕೆ ಕರೆದೊಯ್ದಳು. ನುಜಹತ್ ಬಾಳೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಕಡ್ಡಿಯ ತುದಿಯನ್ನು ಉಗುರಿನಿಂದ ಕೆರೆದಳು. ಒಣಕಲು. ಒಂದು ಗೇಣು ಕೆಳಗೆ ಕೆರೆದಳು. ಒಣಕಲು. ಇನ್ನೂ ಕೆಳಗೆ, ಅದೂ ಒಣಕಲು. ಶಿವಲೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೇವರೇ, ನನ್ನ ತೋಟದಲ್ಲಿ ಯಾವುದನ್ನಾದರೂ ತಗೋ, ಇದೊಂದು ಬಿಡು ಎಂದು ಬೇಡಿಕೊಂಡಳು. ನುಜಹತ್ ಮಣ್ಣು ಸರಿಸಿ, ಕಡೆಯ ಗೆಣ್ಣಿನ ಹತ್ತಿರ ಉಗುರಿಟ್ಟಳು.

ದಾರದೆಳೆಯಷ್ಟು ಹಸಿರು ಕಂಡಿತು.

ಆಮೇಲೆ ನುಜಹತ್ ಕತ್ತರಿ ತರಿಸಿ ಮೇಲಿನ ಒಣಕಲನ್ನೆಲ್ಲ ತೆಗೆದಳು. ಒಂದು ಗೇಣೂ ಉಳಿಯಲಿಲ್ಲ. ನರ್ಸರಿಯ ಸಸಿಯನ್ನು ಬೇರೆ ಡಬ್ಬಿಗೆ ಹಾಕಿ, ತನ್ನ ಕಡ್ಡಿಯನ್ನು ಬಕೆಟ್ಟಿಗೆ ನೆಟ್ಟಳು. ಎತ್ತಿಕೊಂಡು ಹೋಗುತ್ತಾಳೆ ಅಂದುಕೊಂಡರೆ, ಬಕೆಟ್ಟನ್ನು ತಂದು ಶಿವಲೀಲಾಳ ಜಗಲಿಯ ಮೇಲೇ ಇಟ್ಟಳು.

"ಬದುಕ್ತೈತಾ ಅಕ್ಕಾ?"

"ಗೊತ್ತಿಲ್ಲ. ಇಲ್ಲೇ ಇರ್ಲಿ, ನೋಡ್ಕೋ. ನೀರು ಹಾಕ್ಬೇಕು ಅನ್ನಿಸಿದ್ರೆ ಮೊದ್ಲು ನನ್ನ ಕೇಳು. ದಿನಾ ಬೆಳಗ್ಗೆ ಏನೈತೋ ಅದನ್ನ ಹೇಳು."

ಮರುದಿನ ಬೆಳಗ್ಗೆ ಮಂಜಿನಲ್ಲೇ ಶಿವಲೀಲಾ ಬಕೆಟ್ಟಿನ ಮುಂದೆ ಕೂತು, ಕಡ್ಡಿಯನ್ನು ಬುಡದಿಂದ ತುದಿಯವರೆಗೆ ನೋಡಿದಳು. ಎದ್ದು ಕಾಂಪೌಂಡಿನ ಮೇಲಿಂದ ಕೂಗಿದಳು.

"ಅಕ್ಕಾ, ಏನೂ ಬಂದಿಲ್ಲ!"

"ಆತು ಬಿಡು," ಅಂದಳು ನುಜಹತ್ ಒಳಗಿನಿಂದ. "ಚಾ ಇಟ್ಟೀನಿ, ಬಾ."