ಸುತ್ತು ಹಾಕಿದ ಸೊನ್ನೆ

"ನಿಮ್ಮ ಸ್ಫಾಕ್ಸ್‌ನಲ್ಲಿ ನೀರು ನೂರೈವತ್ತೈದು ಡಿಗ್ರಿಗೆ ಕುದಿಯುತ್ತೇನಮ್ಮಾ? ಹಾಗಾದ್ರೆ ಬೆಳಗಿನ ಚಹಾ ಕುಡಿಯೋದು ಮಧ್ಯಾಹ್ನಾನಾ?"

ಭೌತಶಾಸ್ತ್ರದ ಉಸ್ತಾದ್ ಬಯೂಮಿ ಉತ್ತರಪತ್ರಿಕೆ ಎತ್ತಿ ಹಿಡಿದು ಹೀಗೆ ಕೇಳಿದಾಗ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ರಾದಿಯಾ ನಗಲಿಲ್ಲ. ಟುನೀಸಿಯಾದ ಸ್ಫಾಕ್ಸ್ ಬಿಟ್ಟು ಈಜಿಪ್ಟಿನ ದಮನ್‌ಹೂರಿಗೆ, ತಾಯಿಯ ಊರಿಗೆ, ಬಂದು ಅವಳಿಗೆ ನಾಲ್ಕೇ ತಿಂಗಳು; ಅಪ್ಪ ಸ್ಫಾಕ್ಸ್‌ನಲ್ಲೇ ಉಳಿದಿದ್ದರು. ಚಲನೆ, ಶಾಖ, ಬೆಳಕು, ವಿದ್ಯುತ್ತು ಎಲ್ಲಕ್ಕೂ ಸೇರಿ ಐವತ್ತು ಅಂಕ: ಬರವಣಿಗೆಗೆ ಮೂವತ್ತು, ಪ್ರಯೋಗಕ್ಕೆ ಹತ್ತು, ನೋಟ್‌ಬುಕ್ಕಿಗೆ ಹತ್ತು. ಇಪ್ಪತ್ತೈದು ಬಂದರೆ ವಿಜ್ಞಾನ ವಿಭಾಗ, ಇಲ್ಲದಿದ್ದರೆ ಕಲಾ ವಿಭಾಗ. ಅವಳಿಗೆ ಬಂದದ್ದು ಇಪ್ಪತ್ತೆರಡು. ಮಸೂರ, ಸ್ಪ್ರಿಂಗು, ಬಲ್ಬುಗಳೆಂದರೆ ಪ್ರಾಣ ಬಿಡುವ ಹುಡುಗಿಗೆ ಅಳುವೇ ಬಂತು.

ತರಗತಿ ಬಿಟ್ಟ ಮೇಲೆ ಉಸ್ತಾದರ ಮೇಜಿನ ಬಳಿ ಹೋಗಿ, ತಾನು ಬರೆದದ್ದು ನೂರೇ ಎಂದಳು. ಅವರು ಕನ್ನಡಕ ಏರಿಸಿ, ಅಂಕಿಗಳ ಮೇಲೆ ಬೆರಳಿಟ್ಟು, ಒಂದು, ಐದು, ಐದು ಎಂದು ಓದಿದರು. ಆಗ ಅವಳಿಗೆ ಹೊಳೆಯಿತು. ಟುನೀಸಿಯಾದಲ್ಲಿ ಸೊನ್ನೆ ಎಂದರೆ ಸುತ್ತು. ಇಲ್ಲಿ ಸೊನ್ನೆ ಬರೀ ಚುಕ್ಕಿ. ಸುತ್ತು ಹಾಕಿದರೆ ಅದು ಐದು! ಇಲ್ಲಿನ ಅಂಕಿಗಳನ್ನು ಕಷ್ಟಪಟ್ಟು ಕಲಿತಿದ್ದರೂ ಪರೀಕ್ಷೆಯ ಗಡಿಬಿಡಿಯಲ್ಲಿ ಕೈ ಅಲ್ಲಲ್ಲಿ ಹಳೆಯ ಚಾಳಿಗೆ ಬಿದ್ದಿತ್ತು.

"ಇದು ಐದಲ್ಲ ಉಸ್ತಾದ್, ನಮ್ಮೂರ ಸೊನ್ನೆ."

ಉಸ್ತಾದರು ಹೊಟ್ಟೆ ಕುಣಿಸಿ ನಕ್ಕರು. ಮೂವತ್ತು ವರ್ಷದಲ್ಲಿ ಒಂದು ಸೊನ್ನೆ ತಮ್ಮನ್ನು ಹೀಗೆ ಬೇಸ್ತು ಬೀಳಿಸಿದ್ದು ಇದೇ ಮೊದಲು ಎಂದರು. ನೀರಿನ ಪ್ರಶ್ನೆಗೆ ಎರಡು ಅಂಕ ಕೊಟ್ಟರು. ಬೀಳುವ ಕಲ್ಲಿನ ವೇಗೋತ್ಕರ್ಷ ಹತ್ತು ಎಂದು ಅವಳು ಬರೆದದ್ದನ್ನೂ ಹದಿನೈದೆಂದು ಓದಿದ್ದರು, ಅದಕ್ಕೂ ಎರಡು. ಒಟ್ಟು ಇಪ್ಪತ್ತಾರು.

ರಾದಿಯಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟರಲ್ಲಿ ಒಂಬತ್ತನೆಯ ಪ್ರಶ್ನೆ ಕಣ್ಣಿಗೆ ಬಿತ್ತು. ಸೆಕೆಂಡಿಗೆ ಐದು ಮೀಟರ್ ಹೋಗುವ ಸೈಕಲ್ಲು ಮೂರು ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ? ಅವಳು ಬರೆದದ್ದು ಹತ್ತು. ಅವರು ಹದಿನೈದೆಂದು ಓದಿ ಮೂರಕ್ಕೆ ಮೂರೂ ಕೊಟ್ಟಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಉಸ್ತಾದ್, ಒಂಬತ್ತನೇದರಲ್ಲೂ ಅದು ಸೊನ್ನೇನೇ."

ಅವರು ಹಾಳೆ ನೋಡಿದರು, ಅವಳನ್ನು ನೋಡಿದರು. "ಐದ್ ಮೂರ್ಲ ಹತ್ತಾ? ಇದೂ ಸ್ಫಾಕ್ಸ್ ಲೆಕ್ಕಾನಾ?"

"ಇಲ್ಲ ಉಸ್ತಾದ್. ಇದು ನಂದೇ."

ಮೂರು ಅಂಕ ಹೊಡೆದು ಹಾಕಿದರು. ಇಪ್ಪತ್ತಮೂರಾಯಿತು. ಆದರೆ ಪೆನ್ನು ಕೆಳಗಿಡಲಿಲ್ಲ. ಸೂತ್ರ ಸರಿಯಿದೆ, ಒಂದು. ಬೆಲೆಗಳನ್ನು ಹಾಕಿದ್ದು ಸರಿಯಿದೆ, ಇನ್ನೊಂದು. ನಿಯಮ ಅಂದರೆ ನಿಯಮ ಎಂದು ಗೊಣಗುತ್ತ ಹಾಳೆಯ ನೆತ್ತಿಯ ಮೇಲೆ ಇಪ್ಪತ್ತೈದು ಎಂದು ಬರೆದರು. ಐದನ್ನಂತೂ ದುಂಡಗೆ, ಎರಡು ಸಲ ತಿದ್ದಿ ಬರೆದರು.

"ಇವತ್ತೇ ನಿಮ್ಮಪ್ಪನಿಗೆ ಫೋನ್ ಮಾಡಿ ಬಾಯಲ್ಲೇ ಹೇಳಮ್ಮ," ಎಂದರು. "ಫೋಟೋ ಮಾತ್ರ ಕಳಿಸಬೇಡ. ಇಪ್ಪತ್ತು ಅಂತ ಓದ್ಕೊಂಡು ಬೇಜಾರು ಮಾಡ್ಕೊಂಡಾರು."