ಪಿರಮಿಡ್ ಇಲ್ಲದ ಇಪ್ಪತ್ತು ಸೆಂಟಾವೊ

ಕನ್ನಡಕದ ಅಂಗಡಿಯವನಿಗೆ ಮೆಕ್ಸಿಕೋದ ಹಳೆಯ ಕಂಚಿನ ನಾಣ್ಯಗಳೆಂದರೆ ಪ್ರಾಣ. ಅಲ್ಲಿನ ಪೈಸೆಯಾದ ಸೆಂಟಾವೊಗಳನ್ನು, ಒಂದು, ಐದು, ಇಪ್ಪತ್ತರದ್ದೆಲ್ಲ, ಇಸವಿವಾರು ಜೋಡಿಸಿಟ್ಟಿದ್ದ. ಭಾನುವಾರ ವಾಚನಾಲಯದ ಹಿಂದಿನ ಕೋಣೆಯಲ್ಲಿ ಏಳೆಂಟು ಸಂಗ್ರಾಹಕರು ಸೇರಿದರೆ ಅವನ ಮಾತೇ ಕಡೆಯ ಮಾತು.

ಒಂದು ಭಾನುವಾರ ಲಿಫ್ಟ್ ರಿಪೇರಿಯವನು ಅಲ್ಲಿಗೆ ಬಂದು, ಕರವಸ್ತ್ರದಿಂದ ದಪ್ಪನೆಯ ಕಂದು ನಾಣ್ಯವೊಂದನ್ನು ತೆಗೆದ.

"ನಮ್ಮಪ್ಪ ಹಡಗಿನ ಬಾಯ್ಲರ್ ಕೆಲಸದಲ್ಲಿದ್ದ. ಮೆಕ್ಸಿಕೋದಿಂದ ತಂದಿದ್ದಂತೆ. ಸ್ವಲ್ಪ ನೋಡ್ತೀರಾ?"

ಇಪ್ಪತ್ತು ಸೆಂಟಾವೊ, ಇಸವಿ ೧೯೨೦. ಅಂಗಡಿಯವನ ಬಳಿಯಿದ್ದ ಇಪ್ಪತ್ತುಗಳೆಲ್ಲ ೧೯೪೩ರಿಂದ ಈಚಿನವು. ಎಲ್ಲದರ ಮೇಲೂ ಪಿರಮಿಡ್. ಇದರಲ್ಲಿ ಬರೀ ಎಲೆಗಳ ಹಾರ.

"ಪಿರಮಿಡ್ ಎಲ್ಲಯ್ಯಾ? ನಕಲಿ ಮಾಲು! ನಿಮ್ಮಪ್ಪ ಹಡಗು ಹತ್ತಿಲ್ಲ, ರೈಲು ಬಿಟ್ಟಿದ್ದಾನೆ."

ಕೋಣೆಯೆಲ್ಲ ಗೊಳ್ಳೆಂದಿತು. ಲಿಫ್ಟಿನವನೂ ನಕ್ಕ, ಆದರೆ ಅವನ ಕಿವಿ ಕೆಂಪಾಗಿತ್ತು.

ಮೂರು ವಾರದ ಮೇಲೆ ಅಂಗಡಿಯವನಿಗೆ ನಾಣ್ಯಗಳ ಒಂದು ದಪ್ಪ ಕೆಟಲಾಗು ಸಿಕ್ಕಿತು. ಪುಟ ತಿರುವುತ್ತಿದ್ದವನ ಕೈ ಅಲ್ಲೇ ನಿಂತಿತು. ೧೯೨೦, ಕಂಚು, ಅದೇ ಎಲೆಗಳ ಹಾರ. ಎದುರಿಗಿದ್ದ ಗಿರಾಕಿಯನ್ನೂ ಮರೆತು ಆ ಸಾಲನ್ನು ಮತ್ತೆ ಓದಿದ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಎರಡು ದಿನ ತೆಪ್ಪಗಿದ್ದ. ಮೂರನೆಯ ದಿನ ಲಿಫ್ಟಿನವನ ವರ್ಕ್‌ಶಾಪಿಗೆ ಹೋಗಿ, ತಲೆ ತಗ್ಗಿಸಿ ಎಲ್ಲ ಹೇಳಿದ.

ಲಿಫ್ಟಿನವನು ಮೂಲೆಯಲ್ಲಿದ್ದ ನೀರಿನ ಪಂಪಿನ ಬುಡ ತೋರಿಸಿದ. ನಾಣ್ಯ ಅಲ್ಲಿತ್ತು, ನಟ್ಟನಡುವೆ ತೂತು ಬಿದ್ದು, ಬೋಲ್ಟಿನ ಕೆಳಗೆ ವಾಷರ್ ಆಗಿ.

"ನಕಲಿ ಅಂದ್ರಲ್ಲ, ಇದಕ್ಕಾದ್ರೂ ಆಗ್ಲಿ ಅಂತ ತೂತು ಕೊರ್ದೆ. ಅದು ಹೋಗ್ಲಿ ಬಿಡಿ. ಅಪ್ಪ ಹೇಳಿದ್ದೆಲ್ಲ ಸುಳ್ಳು ಅಂತ ಅಮ್ಮನಿಗೂ ಹೇಳ್ಬಿಟ್ಟೆ. ಅವತ್ತಿಂದ ಅಪ್ಪನ ಸುದ್ದೀನೇ ಎತ್ತಿಲ್ಲ ಅವಳು."

"ನನ್ನ ನಾಣ್ಯಗಳಲ್ಲಿ ಯಾವುದು ಬೇಕಾದ್ರೂ ತಗೋ."

"ಅವು ನಮ್ಮಪ್ಪ ತಂದಿದ್ದಲ್ವಲ್ಲ ಸ್ವಾಮಿ."

ಅಂಗಡಿಯವನು ಅಲ್ಲಿಂದ ನೇರ ಲಿಫ್ಟಿನವನ ತಾಯಿಯ ಮನೆಗೆ ಹೋದ. ಮುದುಕಿ ಹೊಸ್ತಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.

"ನಕ್ಕಿದ್ದು ಎಲ್ಲರ ಮುಂದೆ. ಅವರಿಗೆ ಹೇಳಿದ್ರಾ?"

"ಇನ್ನೂ ಇಲ್ಲ, ಅಮ್ಮಾ."

"ಹೇಳಿ ಬನ್ನಿ. ಆಮೇಲೆ ಒಳಗೆ ಕರೀತೀನಿ."

ಭಾನುವಾರ ವಾಚನಾಲಯದ ಕೋಣೆಯಲ್ಲಿ ಅವನು ಎದ್ದು ನಿಂತು, ನಾಣ್ಯ ಅಸಲಿಯೇ ಎಂದು ಹೇಳಿದ. ಎರಡು ಸಲ ತಡವರಿಸಿದ. ಯಾರೂ ನಗಲಿಲ್ಲ. "ಬಿಡಿ, ಯಾರಿಗಾದ್ರೂ ಆಗೋದೇ" ಎಂದು ಒಬ್ಬರು ಬೆನ್ನು ತಟ್ಟಿದರು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಅವನಿಗೆ.

ಸಂಜೆ ಮುದುಕಿ ಬಾಗಿಲು ಪೂರ್ತಿ ತೆರೆದರು. ಅವನು ಮುದುಡಿಕೊಂಡು ಕುರ್ಚಿಯ ತುದಿಯಲ್ಲಿ ಕೂತ. ಆಕೆ ಎದುರಿಗೆ ಕೂತು, ಗಂಡ ಹಡಗು ಹತ್ತಿದ ದಿನದಿಂದ ಕತೆ ಶುರುಮಾಡಿದರು. ಅವನು ತಲೆಯೆತ್ತದೆ ಕೇಳಿದ.