ಬೈರಮ್ಮ ಕೆಡವಿದ ಗೋಡೆ

ಬಿಡದಿ ಹತ್ತಿರದ ಆರ್ಕಿಟೆಕ್ಚರ್ ಕಾಲೇಜಿನವರು ಕಾರು ಕಳಿಸಿದಾಗ, ಮರ್ಯಾದೆ ಮಾಡಲು ಕರೆಸುತ್ತಿದ್ದಾರೆ ಅಂದುಕೊಂಡು ಬೈರಮ್ಮ ಮಗಳ ಮದುವೆಯ ಸೀರೆ ಉಟ್ಟು ಹೊರಟಳು. ಆರು ತಿಂಗಳ ಹಿಂದೆ ಆ ಕಾಲೇಜಿನ ನರೇಂದ್ರ ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಕನಕಪುರದಾಚೆಯ ಅವಳ ಊರಿಗೆ, ಇರುಳಿಗ ಬುಡಕಟ್ಟಿನವರ ದೊಡ್ಡಿಗೆ ಬಂದಿದ್ದರು. ಬಿದಿರಿನ ತಡಿಕೆ ಹೆಣೆಯುವುದು, ಅದಕ್ಕೆ ಹುತ್ತದ ಮಣ್ಣು ಮೆತ್ತುವುದು, ಎಲ್ಲವನ್ನೂ ಹದಿನೈದು ದಿನ ಅವಳಿಂದ ಕೇಳಿ ಬರೆದುಕೊಂಡು ಹೋಗಿದ್ದರು.

ಕಾಲೇಜಿನ ಅಂಗಳದಲ್ಲಿ ಅವಳ ಮನೆಯಂಥದ್ದೇ ಒಂದು ಮನೆ ನಿಂತಿತ್ತು. ಪಡುವಣ ಗೋಡೆ ಉದ್ದಕ್ಕೂ ಬಿರುಕು ಬಿಟ್ಟಿತ್ತು.

"ನಾಳೆ ದೊಡ್ಡವರು ನೋಡೋಕೆ ಬರ್ತಾರಮ್ಮ. ಸ್ವಲ್ಪ ಮೆತ್ತಿಕೊಡು," ಅಂದರು ಮೇಷ್ಟ್ರು.

ಬೈರಮ್ಮ ಬಿರುಕಿನೊಳಗೆ ಬೆರಳಿಟ್ಟು ನೋಡಿದಳು. "ಮಣ್ಣು ಎಷ್ಟ್ ದಿನ ನೆನೆ ಹಾಕಿದ್ರಿ?"

"ಒಂದು ದಿನ. ಸೆಮಿಸ್ಟರ್ ಮುಗೀತಿತ್ತು."

"ಎಂಟ್ ದಿನ ಅಂದಿದ್ದೆ. ಹಸಿ ಬಿದಿರು ಬ್ಯಾಡ ಅಂದಿದ್ದೆ. ಬರ್ಕೊಂಡ್ರಲ್ಲ, ಎಲ್ಲೋಯ್ತು ಅದು?"

ಬಾಗಿಲ ಪಕ್ಕ ಇಂಗ್ಲಿಷಿನಲ್ಲಿ ಒಂದು ಬೋರ್ಡಿತ್ತು. ದೊಡ್ಡಿಯಲ್ಲಿ ಅವಳ ಜೊತೆ ಮಣ್ಣು ತುಳಿದಿದ್ದ ವಿದ್ಯಾರ್ಥಿನಿ ರಮ್ಯಾ ತಲೆ ತಗ್ಗಿಸಿಕೊಂಡೇ ಅದನ್ನು ಕನ್ನಡದಲ್ಲಿ ಹೇಳಿದಳು: "ಅನಾಮಿಕ ಬುಡಕಟ್ಟಿನ ಗುಡಿಸಲು. ಸಂಶೋಧನೆ, ವಿನ್ಯಾಸ: ಪ್ರೊಫೆಸರ್ ನರೇಂದ್ರ."

"ಅನಾಮಿಕ ಅಂದ್ರೇನವ್ವ?"

"ಹೆಸರಿಲ್ಲದ್ದು, ಅಜ್ಜಿ."

ಬೈರಮ್ಮನ ಮೈ ಉರಿದುಹೋಯಿತು. ಅವಳ ಮನೆಯ ಮುದ್ದೆ ಉಂಡು, ದಿನಕ್ಕೆ ಹತ್ತು ಸಲ ಬೈರಮ್ಮ, ಬೈರಮ್ಮ ಎಂದು ಕೂಗಿದ್ದು ಇದೇ ಮೇಷ್ಟ್ರ ಬಾಯಲ್ಲವೇ? ಸೆರಗು ಸಿಕ್ಕಿಸಿದವಳೇ ಎರಡೂ ಕೈಯಲ್ಲಿ ಹೆಂಟೆ ಹೆಂಟೆಯಾಗಿ ಗೋಡೆ ಕೀಳತೊಡಗಿದಳು. ಮೇಷ್ಟ್ರು ಅಡ್ಡ ಬಂದರು.

"ಇದು ಬೀಳೋ ಗೋಡೆ," ಅಂದಳು. "ನೋಡಿದೋರು ಇರುಳಿಗರಿಗೆ ಕಟ್ಟಾಕೆ ಬರಾಕಿಲ್ಲ ಅಂತಾರೆ. ಬುಡಿ."

ರಮ್ಯಾ ಚಪ್ಪಲಿ ಬಿಟ್ಟು ಪಕ್ಕಕ್ಕೆ ಬಂದು ಕೈ ಹಾಕಿದಳು. ಆಮೇಲೆ ಇನ್ನೂ ನಾಲ್ವರು. ಮರುದಿನ ಬಂದ ದೊಡ್ಡವರು ಗೋಡೆಗಳಿಲ್ಲದೆ ನಿಂತ ಬರೀ ಕಂಬ ನೋಡಿಕೊಂಡು ಹೋದರು.

ಮಣ್ಣಿನ ಮನೆಯ ಪಾಠಕ್ಕೆ ಬೈರಮ್ಮನೇ ಬೇಕು ಎಂದು ಹುಡುಗರು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟರು. ಎರಡು ತಿಂಗಳಾದ ಮೇಲೆ ನೇಮಕದ ಪತ್ರ ಬಂತು. ತಂದ ರಮ್ಯಾಳೇ ಓದಿದಳು: 'ಬೈರಮ್ಮ, ಸಹಾಯಕ ಕೂಲಿ.' ಡಿಗ್ರಿ ಇಲ್ಲದವರನ್ನು ಬೇರೆ ಹುದ್ದೆಗೆ ಸೇರಿಸಿಕೊಳ್ಳಲು ನಿಯಮವಿಲ್ಲವಂತೆ.

"ಆ ನಿಯಮ ಬರ್ದೋನು ಬಂದು ಒಂದ್ ಗೋಡೆ ಎಬ್ಬಿಸ್ಲಿ," ಅಂದಳು ಬೈರಮ್ಮ. "ಕೂಲಿ ಅಂತ ಬರ್ದಿರೋ ಕಡೆ ನನ್ ಹೆಬ್ಬೆಟ್ಟು ಬೀಳಾಕಿಲ್ಲ. ಕಲಿಯೋರು ಇಲ್ಲಿಗೇ ಬರ್ಲಿ."

ಆ ಶನಿವಾರ ಕಾಲೇಜಿನ ಹುಡುಗರು ಹನ್ನೊಂದು ಜನ ಬಸ್ಸಿಳಿದು ದೊಡ್ಡಿಗೆ ನಡೆದು ಬಂದರು. ಮಣ್ಣು ತುಳಿಸುತ್ತಿರುವಾಗ ನರೇಂದ್ರ ಮೇಷ್ಟ್ರ ಫೋನು ಎರಡು ಸಲ ಬಂತು. ಬೈರಮ್ಮ ತೆಗೆಯಲಿಲ್ಲ.